ಪುಣೆಯ ರಸ್ತೆ ಹೆಸರುಗಳಿಗೆ ಓಪನ್‌ರಿಫೈನ್: ನಾಲ್ಕು ವರ್ಷ ಬಳಸಿದ ಮೇಲೆ

ನಾನಿರುವುದು ಪುಣೆಯ ಕೊತ್ರೂಡ್‌ನಲ್ಲಿ. ಭಾನುವಾರ ನಾವು ನಾಲ್ಕೈದು ಕನ್ನಡದ ಗೆಳೆಯರು ಸೇರಿ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲಿನ ರಸ್ತೆಗಳ ಹೆಸರು ತಿದ್ದುತ್ತೇವೆ. ಆ ನಕ್ಷೆಯಲ್ಲಿ 'ಆರ್‌ಡಿ' ಅಂತ ಮೊಟಕು ಮಾಡುವಂತಿಲ್ಲ, 'ರೋಡ್' ಅಂತ ಪೂರ್ತಿ ಬರೆಯಬೇಕು. ಒಂದೊಂದನ್ನೇ ಕೈಯಲ್ಲಿ ತಿದ್ದುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ. ಹಾಗಾಗಿ ಹೆಸರುಗಳ ಪಟ್ಟಿ ಇಳಿಸಿಕೊಂಡು ಓಪನ್‌ರಿಫೈನ್‌ಗೆ ಹಾಕುತ್ತೇನೆ. ಇದು ಅಸ್ತವ್ಯಸ್ತ ಪಟ್ಟಿಗಳನ್ನು ಸರಿಪಡಿಸುವ ಸಾಫ್ಟ್‌ವೇರ್. ಉಚಿತ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ.

ರೆಜೆಕ್ಸ್, ಅಂದರೆ ಯಾವ ಅಕ್ಷರಗಳನ್ನು ಹುಡುಕಬೇಕು ಅಂತ ಹೇಳುವ ಪ್ಯಾಟರ್ನ್, ಟೈಪ್ ಮಾಡುತ್ತಿದ್ದಂತೆ ಹಳೆಯ ಹೆಸರು, ಹೊಸ ಹೆಸರು ಅಕ್ಕಪಕ್ಕ ಕಾಣುತ್ತವೆ. ಇದಕ್ಕೇ ನನ್ನ ಪೂರ್ತಿ ಅಂಕ. ಮೊದಲ ವರ್ಷ ಅದನ್ನು ಸರಿಯಾಗಿ ನೋಡದೆ, 'ಎಸ್‌ಟಿ' ಇದ್ದಲ್ಲೆಲ್ಲ 'ಸ್ಟ್ರೀಟ್' ಹಾಕಿಬಿಟ್ಟೆ. ಪುಣೆಯ ಕ್ಯಾಂಪ್ ಪ್ರದೇಶದ ಸೇಂಟ್ ವಿನ್ಸೆಂಟ್ಸ್ ಸ್ಟ್ರೀಟ್‌ಗೆ ಮುಂದೂ ಹಿಂದೂ ಅದೇ ಎರಡು ಅಕ್ಷರ. 'ಸ್ಟ್ರೀಟ್ ವಿನ್ಸೆಂಟ್ಸ್ ಸ್ಟ್ರೀಟ್' ಆಗಿತ್ತು! ಈಗ ಪ್ಯಾಟರ್ನ್ ಕೊನೆಗೆ ಡಾಲರ್ ಚಿಹ್ನೆ ಹಾಕುತ್ತೇನೆ, ಹೆಸರಿನ ತುದಿಯಲ್ಲಿದ್ದರೆ ಮಾತ್ರ ಬದಲಾಗುತ್ತದೆ. ಅಮೆರಿಕದವರ ಪ್ಯಾಟರ್ನ್ ಹಾಗೇ ಎತ್ತಿಕೊಳ್ಳಬೇಡಿ. ಅವರಿಗೆ 'ಡಿಆರ್' ಅಂದರೆ ಡ್ರೈವ್, ನಮಗೆ ಡಾಕ್ಟರ್. ಡಾಕ್ಟರ್ ಅಂಬೇಡ್ಕರ್ ಹೆಸರಿನ ರಸ್ತೆಗೆ 'ಡ್ರೈವ್ ಅಂಬೇಡ್ಕರ್' ಅಂತ ಬರೆದರೆ ತಪ್ಪಲ್ವಾ? ಎಡವಿದರೂ ಎಡಗಡೆಯ ಹಿಸ್ಟರಿಯಲ್ಲಿ ಹಿಂದಿನ ಹೆಜ್ಜೆ ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ. ಅದೇ ಹೆಜ್ಜೆಗಳನ್ನು ಉಳಿಸಿಟ್ಟು ಮುಂದಿನ ಪಟ್ಟಿಗೂ ಹಚ್ಚಬಹುದು.

ಕ್ಲಸ್ಟರ್ ಮಾಡುವಾಗ, ಅಂದರೆ ಬೇರೆ ಬೇರೆ ಥರ ಬರೆದ ಒಂದೇ ಹೆಸರನ್ನು ಗುಂಪು ಮಾಡುವಾಗ, ಒಂದು ಸೂಕ್ಷ್ಮ ಇದೆ. ಫಿಂಗರ್‌ಪ್ರಿಂಟ್ ವಿಧಾನ 'ಎಂ.ಜಿ. ರೋಡ್', 'ಎಂಜಿ ರೋಡ್' ಎರಡನ್ನೂ ಒಂದೇ ಗುಂಪಿಗೆ ತರುತ್ತದೆ. ಚುಕ್ಕೆಯ ನಂತರ ಜಾಗ ಬಿಟ್ಟು 'ಎಂ. ಜಿ. ರೋಡ್' ಅಂತ ಬರೆದಿದ್ದರೆ ಅದಕ್ಕೆ ಸಿಗುವುದಿಲ್ಲ. ಎನ್‌-ಗ್ರಾಂ ಫಿಂಗರ್‌ಪ್ರಿಂಟ್ ಆರಿಸಿಕೊಳ್ಳಿ, ಅದು ಜಾಗವನ್ನೂ ತೆಗೆದು ಹೋಲಿಸುತ್ತದೆ.

ದೊಡ್ಡ ಫೈಲ್‌ಗೆ ಮೆಮೊರಿ ಹೆಚ್ಚಿಸಿಕೊಳ್ಳಬೇಕು, ಅದೊಂದು ಕಿರಿಕಿರಿ.

ಊರು ಗೊತ್ತಿರಬೇಕಾದದ್ದು ಮಾತ್ರ ನಮಗೇ. 'ಜೆಎಂ' ಅಂದರೆ ಜಂಗಲಿ ಮಹಾರಾಜ್, 'ಎಫ್‌ಸಿ' ಅಂದರೆ ಫರ್ಗ್ಯುಸನ್ ಕಾಲೇಜ್ ಅಂತ ಸಾಫ್ಟ್‌ವೇರ್‌ಗೆ ಏನು ಗೊತ್ತು? ಡಿಪಿ ರೋಡ್ ಔಂಧ್‌ನಲ್ಲೂ ಇದೆ, ಕೊತ್ರೂಡ್‌ನಲ್ಲೂ ಇದೆ. ಪಕ್ಕದ ಮನೆಯ ಕಾಕಾ ವಿಜಯಪುರದವರು, ಕ್ಯಾಂಪಿನಲ್ಲಿ 30 ವರ್ಷ ಕೆಲಸ ಮಾಡಿದವರು. ಪ್ರತಿ ಪಟ್ಟಿಯನ್ನೂ ಪ್ರಿಂಟ್ ತೆಗೆದು ಅವರ ಮುಂದಿಡುತ್ತೇನೆ. ಅವರು ಪೆನ್ನು ಹಿಡಿದು ಒಂದೊಂದೇ ಸಾಲು ನೋಡುತ್ತಾರೆ. ಒಟ್ಟಿಗೆ ತುಂಬಾ ಹೆಸರು ಬದಲಿಸುವ ಮೊದಲು ಬೇರೆ ಮ್ಯಾಪರ್‌ಗಳನ್ನೂ ಕೇಳಬೇಕು ಅನ್ನುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಯಮ. ಕಾಕಾ ಸರಿ ಅಂದ ಮೇಲೆಯೇ ಆ ಚರ್ಚೆಗೆ ಹಾಕುತ್ತೇನೆ.