ಅಮೆಲಿಯಾ ಪೀಬಾಡಿ ಸರಣಿ: ಬಾಯಿ ಜೋರು, ಛತ್ರಿ ಇನ್ನೂ ಜೋರು

ಕೊಲೆ ಮಾಡಿದ್ದು ಯಾರು ಅಂತ ಕೊನೆಯ ಪುಟದವರೆಗೂ ತಲೆ ಕೆಡಿಸಿಕೊಳ್ಳುವುದೇ ನಿಮ್ಮ ಖುಷಿಯಾದರೆ ಈ ಸರಣಿ ನಿಮಗಲ್ಲ. ಮೊದಲ ಪುಸ್ತಕದಲ್ಲಿ ಅರ್ಧ ದಾರಿಗೇ ಕಳ್ಳ ಯಾರು ಅಂತ ನಿಮಗೆ ಗೊತ್ತಾಗಿಬಿಡುತ್ತದೆ. ಕಥಾನಾಯಕಿಗೆ ಮಾತ್ರ ಗೊತ್ತಾಗುವುದಿಲ್ಲ. ಅದರಲ್ಲೇ ಇರುವುದು ಮಜಾ.

ಎಲಿಜಬೆತ್ ಪೀಟರ್ಸ್ ಬರೆದ ಅಮೆಲಿಯಾ ಪೀಬಾಡಿ ಸರಣಿ ಇದು. ಮೊದಲ ಪುಸ್ತಕ 'ಕ್ರೊಕೊಡೈಲ್ ಆನ್ ದ ಸ್ಯಾಂಡ್‌ಬ್ಯಾಂಕ್' ಬಂದಿದ್ದು 1975ರಲ್ಲಿ. ಕೊನೆಯದು 2017ರಲ್ಲಿ. ಒಟ್ಟು 20 ಕಾದಂಬರಿಗಳು. ಎಲಿಜಬೆತ್ ಪೀಟರ್ಸ್ ಅನ್ನುವುದು ಇಟ್ಟುಕೊಂಡ ಹೆಸರು, ನಿಜವಾದ ಹೆಸರು ಬಾರ್ಬರಾ ಮರ್ಟ್ಜ್. ಈಕೆ 1952ರಲ್ಲೇ ಶಿಕಾಗೋ ವಿಶ್ವವಿದ್ಯಾಲಯದಿಂದ ಪ್ರಾಚೀನ ಈಜಿಪ್ಟಿನ ಬಗ್ಗೆ ಪಿಎಚ್‌ಡಿ ಮಾಡಿದವರು. ಪದವಿ ಬಂತು, ಆ ಕ್ಷೇತ್ರದಲ್ಲಿ ಕೆಲಸ ಸಿಗಲಿಲ್ಲ. ಆಮೇಲೆ ಕಾದಂಬರಿ ಬರೆಯತೊಡಗಿದರು. 2013ರಲ್ಲಿ ತೀರಿಕೊಂಡಾಗ ಕೊನೆಯ ಪುಸ್ತಕ ಅರ್ಧಕ್ಕೇ ನಿಂತಿತ್ತು. ಅದನ್ನು ಗೆಳತಿ ಜೋನ್ ಹೆಸ್ ಮುಗಿಸಿದರು.

ಕಥೆ ಶುರುವಾಗುವುದು 1884-85ರ ಚಳಿಗಾಲದಲ್ಲಿ. ಅಮೆಲಿಯಾಗೆ 32 ವರ್ಷ, ಮದುವೆಯಾಗಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಅಂದರೆ ಅವಳ ಕಥೆ ಮುಗಿದಂತೆ. ಪುಸ್ತಕದ ಹುಳು ಆಗಿದ್ದ ಅಪ್ಪನನ್ನು ಕೊನೆವರೆಗೂ ನೋಡಿಕೊಂಡವಳು ಇವಳೊಬ್ಬಳೇ. ಅಪ್ಪ ಸತ್ತ ಮೇಲೆ ನೋಡಿದರೆ, ಐದು ಲಕ್ಷ ಪೌಂಡ್ ಆಸ್ತಿಯನ್ನು ಇವಳ ಹೆಸರಿಗೇ ಬರೆದಿಟ್ಟು ಹೋಗಿದ್ದಾನೆ! ಅಲ್ಲಿವರೆಗೂ ತಿರುಗಿ ನೋಡದ ಅಣ್ಣಂದಿರಿಗೆ ತಂಗಿಯ ಮೇಲೆ ಒಮ್ಮೆಲೇ ಪ್ರೀತಿ ಉಕ್ಕುತ್ತದೆ, ಮದುವೆಯಾಗಲು ಗಂಡುಗಳೂ ಸಾಲುಗಟ್ಟುತ್ತಾರೆ. (ನಮ್ಮ ಕಡೆಯ ಯಾವ ಆಸ್ತಿ ಜಗಳಕ್ಕೂ ಇದು ಕಮ್ಮಿ ಇಲ್ಲ ಬಿಡಿ.) ಅಮೆಲಿಯಾ ಎಲ್ಲರನ್ನೂ ಓಡಿಸಿ, ಪೆಟ್ಟಿಗೆ ಕಟ್ಟಿಕೊಂಡು ಈಜಿಪ್ಟಿಗೆ ಹೊರಡುತ್ತಾಳೆ. ದಾರಿಯಲ್ಲಿ ರೋಮ್‌ನಲ್ಲಿ ಎವೆಲಿನ್ ಅನ್ನುವ ಹುಡುಗಿ ಹಸಿವಿನಿಂದ ತಲೆ ತಿರುಗಿ ಬಿದ್ದಿರುತ್ತಾಳೆ. ಪ್ರೀತಿಸಿದವನ ಜೊತೆ ಮನೆ ಬಿಟ್ಟು ಬಂದು, ಅವನಿಂದ ಮೋಸಹೋದವಳು. ಆ ಕಾಲದ ಮರ್ಯಾದಸ್ಥರು ಅಂಥವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಅಮೆಲಿಯಾ ಊಟ ಹಾಕುತ್ತಾಳೆ, ಕಥೆ ಕೇಳುತ್ತಾಳೆ, ಜೊತೆಗೇ ಕರೆದುಕೊಂಡು ಹೊರಡುತ್ತಾಳೆ. ಉಪದೇಶ ಇಲ್ಲ, ಅಯ್ಯೋ ಪಾಪ ಇಲ್ಲ.

ಈ ಸರಣಿಯ ಬಗ್ಗೆ ಓದುಗರಲ್ಲಿ ಮೊದಲ ಜಗಳ ಇಲ್ಲೇ. ಆ ಕಾಲದಲ್ಲಿ ಇಷ್ಟು ಸ್ವತಂತ್ರ ಹೆಂಗಸು ಇರಲು ಸಾಧ್ಯವೇ, ಇವಳು ಈ ಕಾಲದವಳು, ಸುಮ್ನೆ ಉದ್ದ ಲಂಗ ತೊಡಿಸಿ ಅಲ್ಲಿ ನಿಲ್ಲಿಸಿದ್ದಾರೆ ಅನ್ನುವವರು ಬಹಳ ಜನ. ಇಂಥ ಎಷ್ಟೋ ಸರಣಿಗಳ ಮಟ್ಟಿಗೆ ಆ ದೂರು ನಿಜ. ಯಾವುದೇ ಹಣ, ಆಸರೆ ಇಲ್ಲದ ಹುಡುಗಿ ರಾತ್ರಿ ಲಂಡನ್ ಬೀದಿಯಲ್ಲಿ ಒಬ್ಬಳೇ ಓಡಾಡಿ, ಪೊಲೀಸರಿಗೆ ಪಾಠ ಹೇಳಿ, ಬೆಳಗ್ಗೆ ಮನೆಗೆ ಬಂದರೆ ಯಾರೂ ಕೇಳುವುದೇ ಇಲ್ಲ! ಇಲ್ಲಿ ಹಾಗಿಲ್ಲ. ಅಮೆಲಿಯಾಳ ಸ್ವಾತಂತ್ರ್ಯದ ಹಿಂದೆ ದುಡ್ಡಿದೆ, ಅದು ಅವಳಿಗೂ ಗೊತ್ತು, ಲೇಖಕಿಗೂ ಗೊತ್ತು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿ ತನ್ನದಾಗಿಯೇ ಉಳಿಯುವ ಹಕ್ಕು ಪೂರ್ತಿಯಾಗಿ ಬಂದಿದ್ದು 1882ರ ಕಾಯ್ದೆಯಿಂದ, ಜಾರಿಗೆ ಬಂದಿದ್ದು 1883ರ ಜನವರಿಯಲ್ಲಿ. ಅದಕ್ಕೂ ಮೊದಲು ಹೆಂಡತಿಯ ಹಣ ಬಹುಪಾಲು ಗಂಡನ ಕೈ ಸೇರುತ್ತಿತ್ತು. ಕಥೆ ಶುರುವಾಗುವಾಗ ಆ ಹಕ್ಕು ಇನ್ನೂ ತೀರಾ ಹೊಸದು, ಅಂದರೆ ಮದುವೆಗೆ ಬಂದ ಗಂಡುಗಳನ್ನೆಲ್ಲ ಅಮೆಲಿಯಾ ಅನುಮಾನದಿಂದ ನೋಡುವುದರಲ್ಲಿ ಅರ್ಥ ಇದೆ.

ಇನ್ನು ಮದುವೆಯಾಗದ ಹೆಂಗಸು ನೈಲ್ ನದಿಯ ಮೇಲೆ ದೋಣಿ ಬಾಡಿಗೆಗೆ ಹಿಡಿದು ಹೋಗುವುದು ನಂಬುವ ಮಾತಾ ಅಂತ ಕೇಳಿದರೆ, ನಿಜವಾಗಿಯೂ ಹೋದವರಿದ್ದಾರೆ. ಅಮೆಲಿಯಾ ಎಡ್ವರ್ಡ್ಸ್ ಅಂತ ಒಬ್ಬ ಇಂಗ್ಲಿಷ್ ಲೇಖಕಿ 1870ರ ದಶಕದಲ್ಲಿ ಇದೇ ರೀತಿ ನೈಲ್ ಪಯಣ ಮಾಡಿ, 1877ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು, 1882ರಲ್ಲಿ ಈಜಿಪ್ಟಿನ ಉತ್ಖನನಕ್ಕೆ ಹಣ ಕೂಡಿಸುವ ಸಂಸ್ಥೆಯನ್ನೇ ಕಟ್ಟಿದರು. ಆಕೆಯ ದೋಣಿಯ ಹೆಸರು ಫಿಲೇ. ನಮ್ಮ ಕಾದಂಬರಿಯ ಅಮೆಲಿಯಾಳ ದೋಣಿಯ ಹೆಸರೂ ಫಿಲೇ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದಿದ್ದರೂ ಏನೂ ನಷ್ಟ ಇಲ್ಲ.

ಎರಡನೇ ಜಗಳ ಅಮೆಲಿಯಾಳ ಬಾಯಿಯ ಬಗ್ಗೆ. ಕಥೆ ಹೇಳುವವಳು ಅವಳೇ. ತಾನು ಮಾಡಿದ್ದೆಲ್ಲ ಸರಿ, ತನ್ನಷ್ಟು ಬುದ್ಧಿವಂತೆ ಇನ್ನೊಬ್ಬಳಿಲ್ಲ, ತಾನು ಇಲ್ಲದಿದ್ದರೆ ಈ ಗಂಡಸರೆಲ್ಲ ಹಾಳಾಗಿ ಹೋಗುತ್ತಿದ್ದರು, ಇದನ್ನೇ ಪುಟಗಟ್ಟಲೆ ಹೇಳುತ್ತಾಳೆ. ಇಷ್ಟು ಜಂಬದವಳನ್ನು ಸಹಿಸಿಕೊಳ್ಳುವುದು ಕಷ್ಟ ಅಂತ ಮೊದಲ ಐವತ್ತು ಪುಟಕ್ಕೇ ಪುಸ್ತಕ ಕೆಳಗಿಟ್ಟವರಿದ್ದಾರೆ. ನನಗೆ ಅವರ ಮೇಲೆ ಬೇಜಾರಿಲ್ಲ, ಆದರೆ ಅವರು ಅವಳ ಮಾತನ್ನು ನೇರವಾಗಿ ನಂಬಿಬಿಟ್ಟಿದ್ದಾರೆ ಅನಿಸುತ್ತದೆ. ಅವಳು ಹೇಳುವುದು ಒಂದು, ನಮಗೆ ಕಾಣುವುದು ಇನ್ನೊಂದು. ಬಾಯಿಬಡುಕ ಪುರಾತತ್ವಜ್ಞ ರ‍್ಯಾಡ್‌ಕ್ಲಿಫ್ ಎಮರ್ಸನ್‌ನನ್ನು ಕಂಡರೆ ತನಗೆ ಆಗುವುದಿಲ್ಲ ಅಂತ ಹೇಳುತ್ತಲೇ ಇರುತ್ತಾಳೆ, ಅಷ್ಟರಲ್ಲಿ ಅವನ ಗಡ್ಡ, ಭುಜ, ಕಣ್ಣಿನ ಬಣ್ಣ ಎಲ್ಲವನ್ನೂ ನಮಗೆ ವಿವರಿಸಿ ಮುಗಿಸಿರುತ್ತಾಳೆ. ನಾವು ಅವಳಿಗಿಂತ ಒಂದು ಹೆಜ್ಜೆ ಮುಂದಿರಬೇಕು ಅನ್ನುವುದೇ ಲೇಖಕಿಯ ಆಟ. ಹಬ್ಬದ ಮನೆಯಲ್ಲಿ ಎಲ್ಲರ ಮೇಲೂ ಅಧಿಕಾರ ಚಲಾಯಿಸುವ, ಆದರೆ ಅವಳಿಲ್ಲದಿದ್ದರೆ ಅಡುಗೆಯೇ ಆಗದ ಸೋದರತ್ತೆಯನ್ನು ಕಂಡ ಹಾಗೆ ಕಂಡರೆ ಅಮೆಲಿಯಾ ಇಷ್ಟವಾಗುತ್ತಾಳೆ. ಹಾಗೆ ಕಾಣಲು ಆಗದಿದ್ದರೆ ದಯವಿಟ್ಟು ಬಿಟ್ಟುಬಿಡಿ, ಇಪ್ಪತ್ತು ಪುಸ್ತಕದಲ್ಲೂ ಅವಳು ಬದಲಾಗುವುದಿಲ್ಲ.

ಅವಳ ಕೈಯಲ್ಲಿರುವ ಛತ್ರಿಯ ಬಗ್ಗೆ ಹೇಳಲೇಬೇಕು. ಗಟ್ಟಿ ಕೋಲಿನ ಛತ್ರಿ ಅದು. ಬಿಸಿಲಿಗಿಂತ ಜಾಸ್ತಿ ಬಳಕೆಯಾಗುವುದು ಜನರನ್ನು ಹೊಡೆಯಲು. ಸೊಂಟದ ಪಟ್ಟಿಗೆ ಚಾಕು, ಬೆಂಕಿಪೊಟ್ಟಣ, ನೀರು, ಕಾಗದ ಎಲ್ಲ ಕಟ್ಟಿಕೊಂಡು ಗಲಗಲ ಸದ್ದು ಮಾಡುತ್ತಾ ಓಡಾಡುತ್ತಾಳೆ. ಕದ್ದು ಹಿಂಬಾಲಿಸಲು ಹೊರಟಾಗಲೂ ಅದೇ ಸದ್ದು.

ನನ್ನ ಮಟ್ಟಿಗೆ ಈ ಸರಣಿಗೆ ದುಡ್ಡು ಕೊಡಲು ದೊಡ್ಡ ಕಾರಣ ಈಜಿಪ್ಟ್. ಬರೆದವರು ವಿಷಯ ಓದಿಕೊಂಡವರು ಅನ್ನುವುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ, ಆದರೆ ಪಾಠ ಮಾಡುವುದಿಲ್ಲ. ಮೊದಲ ಪುಸ್ತಕದಲ್ಲಿ ಅಮರ್ನಾ ಅನ್ನುವ ಈಜಿಪ್ಟಿನ ಹಾಳೂರಿನಲ್ಲಿ ಅಗೆಯುವಾಗ ಸಾವಿರಾರು ವರ್ಷ ಹಳೆಯ ಬಣ್ಣದ ನೆಲ ಸಿಗುತ್ತದೆ. ಗಾಳಿಗೆ ಬಣ್ಣ ಉದುರದಂತೆ ಉಳಿಸಬೇಕು. ಹೇಗೆ? ಮರಗೆಣಸಿನ ಪಿಷ್ಟವನ್ನು ನೀರಲ್ಲಿ ಕಲಸಿ, ನಮ್ಮ ಸಬ್ಬಕ್ಕಿ ಗಂಜಿ ಅಂತಲೇ ಇಟ್ಟುಕೊಳ್ಳಿ, ಬ್ರಷ್ ಮುಟ್ಟಿಸಿದರೂ ಕಿತ್ತುಬರುತ್ತದೆ ಅಂತ ಬೆರಳಿನಿಂದಲೇ ಮೆತ್ತಗೆ ಸವರುವುದು. ಓದುವಾಗ ಕಟ್ಟುಕಥೆ ಅನಿಸುತ್ತದೆ. ಆದರೆ ಫ್ಲಿಂಡರ್ಸ್ ಪೆಟ್ರಿ ಅನ್ನುವ ಪುರಾತತ್ವಜ್ಞ 1891-92ರಲ್ಲಿ ಅಮರ್ನಾದಲ್ಲಿ ಮಾಡಿದ್ದು ಇದನ್ನೇ. ಲೇಖಕಿ ಅದನ್ನು ಕೆಲವು ವರ್ಷ ಹಿಂದಕ್ಕೆ ಎಳೆದು ತಮ್ಮ ಕಥೆಗೆ ತಂದುಕೊಂಡಿದ್ದಾರೆ. ಬೇಸರದ ಸಂಗತಿ ಅಂದರೆ, ಪೆಟ್ರಿ ಅಷ್ಟು ಕಷ್ಟಪಟ್ಟು ಉಳಿಸಿದ ಆ ನೆಲವನ್ನು 1912ರಲ್ಲಿ ಒಬ್ಬ ರೈತ ಒಡೆದುಹಾಕಿದ. ಅದನ್ನು ನೋಡಲು ಬರುತ್ತಿದ್ದ ಪ್ರವಾಸಿಗರು ಅವನ ಬೆಳೆ ತುಳಿದುಕೊಂಡು ಓಡಾಡುತ್ತಿದ್ದರಂತೆ. ಆ ರೈತನ ಕಡೆಯಿಂದ ಯಾರಾದರೂ ಒಂದು ಕಾದಂಬರಿ ಬರೆಯಬೇಕಿತ್ತು ಅಂತ ನನಗೆ ಅನಿಸಿದ್ದುಂಟು.

ಈಜಿಪ್ಟಿನವರನ್ನು ಕಾಣಿಸಿದ ರೀತಿಯೇ ಮೂರನೇ ಜಗಳ, ನನಗೂ ಇದೇ ಗಂಟಲಲ್ಲಿ ಸಿಕ್ಕಿಕೊಂಡಿದ್ದು. 1882ರಲ್ಲಿ ಬ್ರಿಟಿಷರ ಸೇನೆ ಈಜಿಪ್ಟನ್ನು ಹಿಡಿಯಿತು. ಕಥೆ ಶುರುವಾಗುವುದು ಅದಾದ ಎರಡು ವರ್ಷಕ್ಕೆ. ಬ್ರಿಟಿಷ್ ದಂಪತಿ ಬರುತ್ತಾರೆ, ಅಗೆಯುತ್ತಾರೆ, ಊರಿನವರಿಗೆ ಔಷಧಿ ಕೊಡುತ್ತಾರೆ, ಬೈಯುತ್ತಾರೆ, ಊರಿನವರು ಅಮೆಲಿಯಾಳನ್ನು ವೈದ್ಯೆ ಅಮ್ಮ ಅಂತ ಕರೆದು ತಲೆಬಾಗುತ್ತಾರೆ. ನಮ್ಮ ದೇಶದಲ್ಲೂ ಇದೇ ನಡೆದಿದ್ದಲ್ವಾ? ಮೊದಲ ಎರಡು ಪುಸ್ತಕಗಳಲ್ಲಿ ಈಜಿಪ್ಟಿನವರು ಹೆಚ್ಚಾಗಿ ಕೆಲಸಗಾರರು, ಕಳ್ಳರು ಅಥವಾ ಹೆದರುಪುಕ್ಕಲರು. ಇದನ್ನು ಆ ಕಾಲ ಹಾಗಿತ್ತು ಅಂತ ಒಂದೇ ಮಾತಲ್ಲಿ ತಳ್ಳಿಹಾಕುವ ಅಭಿಮಾನಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕಂದರೆ ಮೊದಲ ಪುಸ್ತಕ ಬಂದದ್ದು 1975ರಲ್ಲಿ, 1884ರಲ್ಲಲ್ಲ. ಬೈಯುವವರು ಕೂಡ ಮೊದಲ ಪುಸ್ತಕಕ್ಕೇ ನಿಲ್ಲುತ್ತಾರೆ, ಅದೂ ಸರಿಯಲ್ಲ. ಕೆಲಸಗಾರರ ಮುಖ್ಯಸ್ಥ ಅಬ್ದುಲ್ಲಾ ಮುಂದೆ ಮುಂದೆ ಪೂರ್ತಿ ಮನುಷ್ಯನಾಗಿ ಬೆಳೆಯುತ್ತಾನೆ, ಅಮೆಲಿಯಾಳ ಜಂಬಕ್ಕೆ ಅವನ ಒಣ ಹಾಸ್ಯವೇ ಮದ್ದು. ಅವನ ಮೊಮ್ಮಗ ಡೇವಿಡ್ ಎಮರ್ಸನ್ ಕುಟುಂಬದ ಹುಡುಗಿಯನ್ನು ಪ್ರೀತಿಸಿದಾಗ, ಎಲ್ಲರೂ ಸಮಾನರು ಅಂತ ಭಾಷಣ ಮಾಡುತ್ತಿದ್ದ ಅಮೆಲಿಯಾಗೇ ಒಳಗಿಂದ ಒಪ್ಪಿಗೆ ಬರುವುದಿಲ್ಲ. ಆಮೇಲೆ ಅವಳಿಗೇ ನಾಚಿಕೆಯಾಗುತ್ತದೆ. ಇಡೀ ಸರಣಿಯಲ್ಲಿ ಅವಳು ತನ್ನನ್ನು ತಾನು ನಿಜವಾಗಿ ನೋಡಿಕೊಳ್ಳುವ ಜಾಗಗಳು ಕಮ್ಮಿ, ಇದು ಅದರಲ್ಲೊಂದು. ಡೇವಿಡ್‌ಗೆ ಸ್ವತಂತ್ರ ಈಜಿಪ್ಟಿನ ಕನಸೂ ಇದೆ. ಆದರೂ ಕಥೆ ಹೇಳುವ ಬಾಯಿ ಕೊನೆವರೆಗೂ ಬ್ರಿಟಿಷರದೇ. ಅಷ್ಟು ಗೊತ್ತಿಟ್ಟುಕೊಂಡೇ ಓದಬೇಕು.

ಎಮರ್ಸನ್ ಬಗ್ಗೆ ದೂರು ಕಮ್ಮಿ. ಬ್ರಿಟಿಷ್ ಮ್ಯೂಸಿಯಂನ ವಾಲಿಸ್ ಬಡ್ಜ್ ಹೆಸರು ಕೇಳಿದರೆ ಸಾಕು, ಉರಿದುಬೀಳುತ್ತಾನೆ. ಬಡ್ಜ್ ನಿಜವಾಗಿದ್ದವರು, ಅಗೆದು ದಾಖಲಿಸುವ ಬದಲು ವ್ಯಾಪಾರಿಗಳಿಂದ ಕೊಂಡು ಈಜಿಪ್ಟಿನ ವಸ್ತುಗಳನ್ನು ಲಂಡನ್‌ಗೆ ಸಾಗಿಸಿದವರು. ಅಮೆಲಿಯಾಗೆ ಪಿರಮಿಡ್ ಅಂದರೆ ಹುಚ್ಚು. ಹೆಂಡತಿಗೆ ಒಡವೆ ಕೊಡಿಸುವ ಬದಲು ಅಗೆಯಲು ಒಂದು ಪಿರಮಿಡ್ ಕೊಡಿಸುವ ಗಂಡ ಎಮರ್ಸನ್. (ಮದುವೆಯಾಗುತ್ತಾರೆ ಅಂತ ಹೇಳಿಬಿಟ್ಟೆ. ಎರಡನೇ ಪುಸ್ತಕದ ಹಿಂಬದಿಯಲ್ಲೇ ಅದು ಬರೆದಿರುತ್ತದೆ, ಬಿಡಿ.) ಒಂಟಿ ಹೆಂಗಸಿನ ಕಥೆ ಅಂತ ಓದಲು ಶುರುಮಾಡಿದವರಿಗೆ ಇಲ್ಲಿ ನಿರಾಸೆಯಾಗಬಹುದು. ನನಗೆ ಆಗಲಿಲ್ಲ. ಎರಡನೇ ಪುಸ್ತಕ ಶುರುವಾಗುವುದೇ ಇಂಗ್ಲೆಂಡಿನಲ್ಲಿ ಮಗು ಸಾಕುತ್ತಾ, ಅಕ್ಕಪಕ್ಕದ ಹೆಂಗಸರ ಜೊತೆ ಚಹಾ ಕುಡಿಯುತ್ತಾ, ಬೋರ್ ಆಗಿ ಸಾಯುತ್ತಿರುವ ಅಮೆಲಿಯಾಳಿಂದ. ಒಳ್ಳೇ ಗಂಡ ಸಿಕ್ಕ ಮಾತ್ರಕ್ಕೆ ಮನೆ ಜೈಲಾಗದೇ ಇರುವುದಿಲ್ಲ ಅಂತ ಇಷ್ಟು ನಗಿಸುತ್ತಾ ಹೇಳಿದ್ದು ನನಗೆ ಬಹಳ ಹಿಡಿಸಿತು.

ಆ ಮಗುವಿನ ವಿಷಯ. ಹೆಸರು ವಾಲ್ಟರ್, ಆದರೆ ದರ್ಪ ನೋಡಿ ಎಲ್ಲರೂ ಕರೆಯುವುದು ಪ್ರಾಚೀನ ಈಜಿಪ್ಟಿನ ದೊರೆಯ ಹೆಸರಿನಿಂದ, ರಾಮ್ಸೆಸ್ ಅಂತ. ಕೋರ್ಟಿನಲ್ಲಿ ವಾದ ಮಾಡುವ ವಕೀಲರಂತೆ ಮಾತಾಡುವ ಪುಟ್ಟ ಹುಡುಗ. ಓದುಗರು ಇವನ ವಿಷಯದಲ್ಲಿ ಎರಡು ಪಕ್ಷ: ಮುದ್ದು ಅನ್ನುವವರು, ಎತ್ತಿ ನೈಲ್‌ಗೆ ಎಸೆಯಿರಿ ಅನ್ನುವವರು. ಮೂರನೇ ಪುಸ್ತಕ 'ದ ಮಮ್ಮಿ ಕೇಸ್' ಓದುವಾಗ ನಾನು ಎರಡನೇ ಪಕ್ಷ. ಅದೇ ಹುಡುಗ ದೊಡ್ಡವನಾದ ಮೇಲೆ ಸರಣಿಯ ಅತ್ಯಂತ ಒಳ್ಳೆಯ ಪಾತ್ರವಾಗುತ್ತಾನೆ, ತಾಳ್ಮೆ ಇದ್ದವರಿಗೆ ಲಾಭ.

ಆದರೆ ಆ ಹೊತ್ತಿಗೆ ವಿಕ್ಟೋರಿಯಾ ರಾಣಿಯ ಕಾಲವೇ ಮುಗಿದಿರುತ್ತದೆ. ರಾಣಿ ತೀರಿಕೊಂಡಿದ್ದು 1901ರ ಜನವರಿಯಲ್ಲಿ, ಮೊದಲ ಎಂಟು ಪುಸ್ತಕಗಳು ಮಾತ್ರ ಆ ಕಾಲದವು. ಆಮೇಲೆ ಮಕ್ಕಳು ಬೆಳೆಯುತ್ತಾರೆ, ಮೊದಲ ಮಹಾಯುದ್ಧ ಬರುತ್ತದೆ, ಗೂಢಚಾರಿಕೆ ಶುರುವಾಗುತ್ತದೆ, 1922ರಲ್ಲಿ ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮೂನ್ ಸಮಾಧಿ ಸಿಗುವವರೆಗೂ ಕಥೆ ಹೋಗುತ್ತದೆ. ಇದರಲ್ಲಿ ಕೆಲವು ಚೆನ್ನಾಗಿವೆ, ಕೆಲವು ಹಳೇ ಧಾರಾವಾಹಿಯಂತೆ ಎಳೆದಾಡುತ್ತವೆ. ಯುದ್ಧ ಶುರುವಾದ ಚಳಿಗಾಲದ 'ಹೀ ಶಾಲ್ ಥಂಡರ್ ಇನ್ ದ ಸ್ಕೈ' ಮಾತ್ರ ತಪ್ಪಿಸಬೇಡಿ. ಕೊನೆಯ ಮೂರ್ನಾಲ್ಕು ಅಭಿಮಾನಿಗಳಿಗೆ ಮಾತ್ರ.

ಯಾವ ಕ್ರಮದಲ್ಲಿ ಓದಬೇಕು ಅಂತ ಎಲ್ಲರೂ ಕೇಳುತ್ತಾರೆ. ಪ್ರಕಟವಾದ ಕ್ರಮದಲ್ಲೇ ಓದಿ. ಹಿಂದಿನ ವರ್ಷಗಳ ಕಥೆ ಹೇಳುವ ಪುಸ್ತಕಗಳು ಆಮೇಲೆ ಬಂದಿವೆ, ಅವನ್ನು ಮಧ್ಯದಲ್ಲಿ ತುರುಕಿದರೆ ಓಟ ಕೆಡುತ್ತದೆ. ಕನ್ನಡದಲ್ಲಿ ಓದುವ ಆಸೆ ಇಟ್ಟುಕೊಳ್ಳಬೇಡಿ, ಇಂಗ್ಲಿಷ್ ಸ್ವಲ್ಪ ಹಳೇ ಕಾಲದ್ದು, ಉದ್ದುದ್ದ ವಾಕ್ಯಗಳು, ಮೊದಲ ಕೆಲವು ಪುಟ ನಿಧಾನಕ್ಕೆ ಹೋಗಿ. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಹಳೇ ಪ್ರತಿ ಹಾಳೆ ಹಾಳೆಯಾಗಿ ಉದುರಿತು, ಆಮೇಲೆ ಇ-ಪುಸ್ತಕಕ್ಕೆ ಹೋದೆ. ಓದಲು ಸಮಯ ಇಲ್ಲದವರು ಬಾರ್ಬರಾ ರೋಸೆನ್‌ಬ್ಲಾಟ್ ಓದಿರುವ ಆಡಿಯೋ ಕೇಳಿ. ಅಮೆಲಿಯಾಳ ಜಂಬವೂ ಎಮರ್ಸನ್‌ನ ಗುಡುಗೂ ಆಕೆಯ ದನಿಯಲ್ಲಿ ಪುಸ್ತಕಕ್ಕಿಂತ ಜಾಸ್ತಿ ನಗಿಸುತ್ತವೆ. ಪುಸ್ತಕ ಹಿಡಿಸದೇ ಬಿಟ್ಟವರೂ ಅದನ್ನೊಮ್ಮೆ ಕೇಳಿ ನೋಡಬಹುದು.

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಕಳೆದದ್ದು ರಹಸ್ಯ ತೀರಾ ಸುಲಭ ಅಂತಲ್ಲ, ಮೊದಲ ಎರಡು ಪುಸ್ತಕಗಳಲ್ಲಿ ಈಜಿಪ್ಟಿನವರನ್ನು ಕಾಣಿಸಿದ ರೀತಿಗೆ.