ಅಗ್ಗದ ಎಂಡೋಸ್ಕೋಪ್ ಕ್ಯಾಮೆರಾ: ಫೈಬರ್ ದೋಣಿ ಇಟ್ಟುಕೊಂಡವರಿಗೆ

ಮೊದಲು ದೂರು. ಉದ್ದ ಕೇಬಲಿನ ತುದಿಯಲ್ಲಿದ್ದು ಮೊಬೈಲಿಗೆ ಸಿಕ್ಕಿಸಿ ನೋಡುವ ಈ ಪುಟ್ಟ ಕ್ಯಾಮೆರಾಕ್ಕೆ ಮೇಲು ಯಾವುದು, ಕೆಳಗು ಯಾವುದು ಗೊತ್ತಾಗುವುದಿಲ್ಲ. ಕೈಯಲ್ಲಿ ಕೇಬಲ್ ಚೂರು ಹೊರಳಿದರೂ ಮೊಬೈಲಿನಲ್ಲಿ ಚಿತ್ರವೇ ತಲೆಕೆಳಗಾಗುತ್ತದೆ. ಸಿಂಕಿನ ಪೈಪು ಕಟ್ಟಿಕೊಂಡಿದೆಯೇ ಎಂದು ನೋಡುವವರಿಗೆ ಇದರಿಂದ ನಷ್ಟವಿಲ್ಲ. ದೋಣಿಗೆ ಹಾಗಲ್ಲ. ಗೋಡೆಯ ಮೇಲಿನ ಕಲೆ ಮೇಲಿನಿಂದ ಇಳಿದ ನೀರಿನದೋ, ಕೆಳಗಿನಿಂದ ಏರಿದ ನೀರಿನದೋ ಎನ್ನುವುದರ ಮೇಲೆಯೇ ಯಾವ ರಿಪೇರಿ, ಎಷ್ಟು ಖರ್ಚು ಎನ್ನುವುದು ನಿಂತಿದೆ. ಏಳುನೂರು ರೂಪಾಯಿಯ ಮಾಲು ಇದೊಂದು ವಿಷಯಕ್ಕೆ ನನ್ನ ತಾಳ್ಮೆಯನ್ನು ಬಹಳ ಪರೀಕ್ಷೆ ಮಾಡಿದೆ.

ನನ್ನದು ಗಂಗೊಳ್ಳಿ ಕಡೆಯ ಸಣ್ಣ ಫೈಬರ್ ದೋಣಿ, ಕಂತಬಲೆಗೆ ಹೋಗುವಂಥದ್ದು, ಹಿಂದೆ ಔಟ್‌ಬೋರ್ಡ್ ಇಂಜಿನ್. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ಒಳಗಿನ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಕಡಲು ಬಿಡಬೇಕಲ್ಲ! ಆಗ ದೋಣಿಯನ್ನು ದಡಕ್ಕೆ ಎಳೆದು, ಮಡಲು ಹೊದಿಸಿ, ಒಂದೊಂದೇ ಕೆಲಸ ಮುಗಿಸುವುದು ವಾಡಿಕೆ. ಅಂಥದೊಂದು ಮಳೆಗಾಲಕ್ಕೆ ಮೊದಲು ದೋಣಿಯ ಹಿಂಬದಿ ಭಾರವಾಗಿ ನೀರಿನಲ್ಲಿ ತಗ್ಗತೊಡಗಿತ್ತು, ಎಣ್ಣೆ ಹೆಚ್ಚು ಕುಡಿಯುತ್ತಿತ್ತು. ಡೆಕ್ಕಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಸೇರಿದೆ ಎನ್ನುವುದು ಸ್ಪಷ್ಟ. ಎಲ್ಲಿಂದ? ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಡೆಕ್ ಕೊಯ್ದ್ ಕಾಂಬ."

ಕೊಯ್ಯುವುದು ಅಂದರೆ ಗ್ರೈಂಡರ್ ಇಟ್ಟು ಫೈಬರ್ ಕತ್ತರಿಸಿ, ನೋಡಿ, ಮತ್ತೆ ಮ್ಯಾಟ್ ಹಾಸಿ ರೆಸಿನ್ ಹಚ್ಚಿ ಮುಚ್ಚುವುದು. ಖರ್ಚು ಒಂದು ಕಡೆ ಇರಲಿ, ಕೊಯ್ದ ಜಾಗದ ಬೆಸುಗೆ ಮೊದಲಿನ ಗಟ್ಟಿ ಬರುವುದು ಕೆಲಸಗಾರನ ಕೈಗುಣದ ಮೇಲೆ. ನೀರು ಬಿಡುವ ತೂತು ಇದ್ದೇ ಇದೆ, ಅದರಲ್ಲಿ ಇಣುಕಬಹುದಲ್ಲ ಎಂದು ಈ ಕ್ಯಾಮೆರಾ ತರಿಸಿದೆ. 8 ಮಿಲಿಮೀಟರ್ ದಪ್ಪದ ತಲೆ ಸಲೀಸಾಗಿ ಹೋಗುತ್ತದೆ. ಮೆಗಾಪಿಕ್ಸೆಲ್ ಎಷ್ಟು ಎಂದು ಡಬ್ಬದ ಮೇಲೆ ಬರೆದಿರುವುದನ್ನು ಓದಿ ಕುಣಿಯಬೇಡಿ. ಇದರ ಫೋಕಸ್ ಬದಲಾಗುವುದಿಲ್ಲ. ನನ್ನದರಲ್ಲಿ ಮೂರು ಬೆರಳಗಲದ ಆಸುಪಾಸಿನಲ್ಲಿದ್ದರೆ ಕೂದಲೆಳೆಯ ಬಿರುಕೂ ಕಾಣುತ್ತದೆ, ಒಂದು ಗೇಣು ದೂರ ಹೋದರೆ ಎಲ್ಲ ಮಂಜು.

ಮೇಲು-ಕೆಳಗಿನ ಕಾಟಕ್ಕೆ ಕಡೆಗೆ ಪರಿಹಾರ ಸಿಕ್ಕಿದ್ದು ಬಲೆಯ ಡಬ್ಬದಲ್ಲಿ. ಸಣ್ಣದೊಂದು ಸೀಸದ ಮಣಿಯನ್ನು ತೆಳು ನೈಲಾನ್ ನೂಲಿಗೆ ಕಟ್ಟಿ, ನೂಲನ್ನು ಕ್ಯಾಮೆರಾದ ಕುತ್ತಿಗೆಗೆ ಬಿಗಿದು, ಮಣಿ ಲೆನ್ಸಿನ ಮುಂದೆ ಅರ್ಧ ಇಂಚು ಜೋಲುವಂತೆ ಬಿಟ್ಟೆ. ಈಗ ಚಿತ್ರ ಎತ್ತ ತಿರುಗಿದರೂ ಮಣಿ ಜೋತಾಡುವ ದಿಕ್ಕೇ ಕೆಳಗು. ಕೇಬಲ್ ಮೇಲೆ ಗೇಣಿಗೊಂದರಂತೆ ಬಣ್ಣದ ಬಲೆನೂಲಿನ ಗಂಟು ಹಾಕಿದೆ, ಎಷ್ಟು ಒಳಗೆ ಹೋಗಿದ್ದೇನೆ ಎಂದು ಕೈಗೇ ತಿಳಿಯುತ್ತದೆ. ಇವೆರಡು ಆದ ಮೇಲೆ ಈ ಕ್ಯಾಮೆರಾದ ಮೇಲಿನ ನನ್ನ ಸಿಟ್ಟು ಇಳಿಯಿತು.

ಆವತ್ತು ಕಂಡದ್ದನ್ನು ಹೇಳಬೇಕು. ದೋಣಿ ತೇಲಲೆಂದು ಒಳಗೆ ತುಂಬಿದ ಫೋಮ್ ಮೇಲ್ಭಾಗದಲ್ಲಿ ಬಿಸ್ಕತ್ ಬಣ್ಣ, ಕೆಳಗೆ ನಾಲ್ಕು ಬೆರಳಷ್ಟು ಕಂದು ಪಟ್ಟಿ. ಅಂದರೆ ನೀರು ಅಲ್ಲಿಯವರೆಗೆ ನಿಂತಿತ್ತು. ತಳದಲ್ಲಿ ಬಿರುಕು ಹುಡುಕುತ್ತಾ ಹೋದೆ, ಇರಲಿಲ್ಲ. ಹಿಂಬದಿಯ ಗೋಡೆಗೆ ತಿರುಗಿಸಿದಾಗ ಇಂಜಿನ್ ಕೂರಿಸುವ ಬೋಲ್ಟೊಂದರ ತುದಿ ಕಂಡಿತು. ಅದರಿಂದ ಕೆಂಪು ತುಕ್ಕಿನ ಗೆರೆ, ಮಣಿ ಜೋಲುತ್ತಿದ್ದ ದಿಕ್ಕಿಗೇ ನೇರವಾಗಿ ಇಳಿದಿತ್ತು. ತುದಿಯಲ್ಲಿ ನೀರಿನ ಹನಿಯೊಂದು ಎಲ್‌ಇಡಿ ಬೆಳಕಿಗೆ ಹೊಳೆಯುತ್ತಿತ್ತು. ಮೊಬೈಲ್ ಮೇಸ್ತ್ರಿಯ ಕೈಗೆ ಕೊಟ್ಟೆ. ಅವರು ಎರಡು ಸಲ ನೋಡಿ, "ಹೌದ್ ಮಾರಾಯ್ರೆ, ನೀರ್ ಮೇಲಿಂದ್ಲೇ ಇಳ್ದಿತ್" ಅಂದರು. ಡೆಕ್ ಕೊಯ್ಯಲಿಲ್ಲ. ಬೋಲ್ಟ್ ಬಿಚ್ಚಿ, ಚೆನ್ನಾಗಿ ಒಣಗಲು ಬಿಟ್ಟು, ತೂತನ್ನು ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದು ಸೀಲೆಂಟ್ ಹಾಕಿ ಬೋಲ್ಟ್ ಕೂರಿಸಿದರು. ಹೀಗೆ ಮಾಡಿದರೆ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿ. ಸೀಲೆಂಟ್ ಸೋತರೂ ನೀರು ಒಳಗಿನ ಪ್ಲೈವುಡ್ಡಿಗೆ ತಾಗುವುದಿಲ್ಲ.

ಪ್ಲೈವುಡ್ಡಿನ ಮಾತು ಬಂತು, ಅದನ್ನು ಕ್ಯಾಮೆರಾ ತೋರಿಸುವುದಿಲ್ಲ. ಫೈಬರಿನ ನಡುವೆ ಹಲಗೆ ಕೊಳೆತಿದ್ದರೆ ಮೇಲ್ಮೈ ನೋಡಿ ಹೇಳಲಾಗದು. ಅದಕ್ಕೆ ಸುತ್ತಿಗೆಯ ಹಿಡಿಯಿಂದ ಬಡಿದು ನೋಡುವ ಹಳೆಯ ದಾರಿಯೇ ಸರಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ.

ಬಳಸುವ ಮುನ್ನ ನಾನು ತಪ್ಪದೆ ಮಾಡುವುದಿಷ್ಟು. ಹಳೆ ಹತ್ತಿ ಪಂಚೆಯ ತುಂಡಿನಿಂದ ಲೆನ್ಸ್ ಒರೆಸುತ್ತೇನೆ. ಎಲ್‌ಇಡಿಯನ್ನು ಪೂರ್ತಿ ಏರಿಸಿ ಒಂದೆರಡು ನಿಮಿಷ ಸುಮ್ಮನೆ ಬಿಡುತ್ತೇನೆ; ತಲೆ ಬೆಚ್ಚಗಾದರೆ ಮಳೆಗಾಲದ ತೇವಕ್ಕೆ ಲೆನ್ಸ್ ಮಸುಕಾಗುವುದಿಲ್ಲ. ಒಳಗೆ ಬಿಟ್ಟ ಮೇಲೆ ಬೆಳಕನ್ನು ಕಾಲುಭಾಗಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ಒದ್ದೆ ಫೈಬರ್ ಬೆಳ್ಳಗೆ ಹೊಳೆದು ಏನೂ ಕಾಣದು. ಮುಗಿದ ಮೇಲೆ ಬಾವಿ ನೀರಿನಲ್ಲಿ ಕೇಬಲ್ ತೊಳೆದು, ಒರೆಸಿ, ದೊಡ್ಡ ಸುರುಳಿ ಮಾಡಿ ಗೋಡೆಯ ಮೊಳೆಗೆ. ಇಂಥ ಕ್ಯಾಮೆರಾಗಳ ಮೇಲೆ ಬರೆಯುವ ಐಪಿ67 ಅಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು ಎಂಬ ಪರೀಕ್ಷೆ. ಉಪ್ಪುನೀರಿನ ಲೆಕ್ಕ ಅದರಲ್ಲಿಲ್ಲ, ಮೊಬೈಲಿಗೆ ಸಿಕ್ಕಿಸುವ ತುದಿಗೆ ಆ ರಕ್ಷಣೆಯೂ ಇಲ್ಲ. ನನ್ನದರ ತುದಿಯಲ್ಲಿ ಹಸಿರು ಕಿಲುಬು ಬಂದು ಒಮ್ಮೆ ಉಜ್ಜಿ ತೆಗೆಯಬೇಕಾಯಿತು. ಈಗ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿಡುತ್ತೇನೆ.

ಜೊತೆಗೆ ಬಂದ ಆ್ಯಪ್ ಮೊಬೈಲ್ ಅಪ್‌ಡೇಟ್ ಆದ ಮೇಲೆ ನಿಂತೇ ಹೋಯಿತು. ಗಾಬರಿ ಬೇಡ. ಇಂಥ ಬಹುತೇಕ ಕ್ಯಾಮೆರಾಗಳು ಸಾಮಾನ್ಯ ಯುಎಸ್‌ಬಿ ಕ್ಯಾಮೆರಾದ ಮಾದರಿಯವೇ ಆದ್ದರಿಂದ ಬೇರೆ ಯಾವುದಾದರೂ ಯುಎಸ್‌ಬಿ ಕ್ಯಾಮೆರಾ ಆ್ಯಪ್‌ನಲ್ಲಿ ನಡೆಯುತ್ತವೆ. ಪಕ್ಕದ ಮನೆಯವರ ವೈಫೈ ಮಾದರಿಯನ್ನೂ ನೋಡಿದೆ. ಕೈ ಅಲುಗಿದ ಎಷ್ಟೋ ಹೊತ್ತಿಗೆ ಚಿತ್ರ ಅಲುಗುತ್ತದೆ, ನನಗೆ ಒಗ್ಗಲಿಲ್ಲ.

ಇಂಜಿನಿಗೂ ಇದು ಆಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ 14 ಮಿಲಿಮೀಟರಿನ ತೂತು. ಸೀಮೆಎಣ್ಣೆಯಲ್ಲಿ ಓಡುವ ಇಂಜಿನಿನ ಪಿಸ್ಟನ್ ತಲೆಯ ಮೇಲೆ ಮಸಿ ಎಷ್ಟು ಕಟ್ಟಿದೆ, ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿದೆಯೇ ಎಂದು ಹೆಡ್ ಬಿಚ್ಚದೆ ನೋಡಬಹುದು. ಇಂಜಿನ್ ಪೂರ್ತಿ ತಣ್ಣಗಿರಲಿ. ಸೀಸದ ಮಣಿಯನ್ನು, ಕ್ಯಾಮೆರಾದ ಜೊತೆಗೆ ಬರುವ ಕೊಕ್ಕೆ ಕನ್ನಡಿಗಳನ್ನು ಕಳಚಿಟ್ಟೇ ಒಳಗೆ ಬಿಡಿ. ಒಂದು ಚೂರು ಒಳಗೆ ಬಿದ್ದರೆ ಉಳಿಸಿದ ಹಣದ ಹತ್ತು ಪಟ್ಟು ಹೋಗುತ್ತದೆ.

ತೆರೆದ ಮರದ ದೋಣಿ ಇರುವವರಿಗೆ ಇದು ಬೇಡ, ಅಲ್ಲಿ ಟಾರ್ಚು ಸಾಕು. ಮುಚ್ಚಿದ ಪೆಟ್ಟಿಗೆಗಳಿರುವ ಫೈಬರ್ ದೋಣಿಯಾದರೆ ಧಾರಾಳವಾಗಿ ತಗೊಳ್ಳಿ. ತುದಿ ಬಾಗಿಸಬಲ್ಲ ದುಬಾರಿ ಮಾದರಿ ಸಿಕ್ಕರೆ ಒಳ್ಳೆಯದೇ, ಆದರೆ ವರ್ಷಕ್ಕೊಮ್ಮೆ ಬಳಸುವ ನನ್ನ ಲೆಕ್ಕಕ್ಕೆ ಅದು ಕೂಡಿ ಬರಲಿಲ್ಲ. ಕೇಬಲ್ ಮಾತ್ರ 2 ಮೀಟರಿನ, ಬಗ್ಗಿಸಿದ ಹಾಗೆ ನಿಲ್ಲುವ ಗಡಸು ತಂತಿಯದನ್ನು ಆರಿಸಿ. ನನ್ನ 5 ಮೀಟರಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಯಾವಾಗಲೂ ಹೊರಗೇ ಬಿದ್ದಿರುತ್ತದೆ, ಮೆತ್ತಗಿರುವುದರಿಂದ ಒಳಗಿನ ತುದಿ ನಾನು ಹೇಳಿದ ಕಡೆ ತಿರುಗುವುದೂ ಇಲ್ಲ.