ವಿಮಾನ ರದ್ದಾದ ದಿನ ಯಾವ ಕಂಪನಿ ಕೈಹಿಡಿಯುತ್ತದೆ?

ವಿಮಾನ ಹೊತ್ತಿಗೆ ಸರಿಯಾಗಿ ಹೊರಟು ಹೊತ್ತಿಗೆ ಸರಿಯಾಗಿ ಇಳಿದರೆ ಇಂಡಿಗೋ, ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಸ ಏರ್ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಹೊರಡುವ ಹಿಂದಿನ ರಾತ್ರಿ ‘ವಿಮಾನ ರದ್ದಾಗಿದೆ’ ಎಂಬ ಮೆಸೇಜ್ ಬಂದಾಗ. ಹಾಗಾಗಿ ಬೆಂಗಳೂರಿನಿಂದ ಆಗಾಗ ಓಡಾಡುವವರು ಟಿಕೆಟ್ ದರಕ್ಕಿಂತ ಮೊದಲು ನೋಡಬೇಕಾದ್ದು ಒಂದೇ: ಈ ವಿಮಾನ ಕೈಕೊಟ್ಟರೆ ಅದೇ ಕಂಪನಿಗೆ, ಅದೇ ಊರಿಗೆ, ಅದೇ ದಿನ ಇನ್ನೊಂದು ವಿಮಾನ ಇದೆಯೆ? ದೇಶದೊಳಗಿನ ಮಾರ್ಗಗಳಲ್ಲಿ ಕಡಿಮೆ ದರದ ಕಂಪನಿಗಳು ತಮ್ಮ ಪ್ರಯಾಣಿಕರನ್ನು ಬೇರೆ ಕಂಪನಿಯ ವಿಮಾನಕ್ಕೆ ಹತ್ತಿಸುವುದು ತೀರ ಅಪರೂಪ. ತಮ್ಮದೇ ಮುಂದಿನ ವಿಮಾನ ಕೊಡುತ್ತಾರೆ, ಇಲ್ಲವೇ ದುಡ್ಡು ವಾಪಸ್. ಮುಂದಿನದು ಮೂರು ಗಂಟೆ ಆಚೆಗಿದೆಯೋ ಮೂರು ದಿನ ಆಚೆಗಿದೆಯೋ ಎಂಬುದರ ಮೇಲೆ ನಿಮ್ಮ ಅನುಭವ ನಿಂತಿರುತ್ತದೆ.

ಈ ಲೆಕ್ಕದಲ್ಲಿ ಇಂಡಿಗೋ ಮುಂದೆ. ದೆಹಲಿ, ಮುಂಬೈ, ಹೈದರಾಬಾದ್‌ಗೆ ಬೆಳಗಿನಿಂದ ರಾತ್ರಿವರೆಗೆ ಒಂದರ ಹಿಂದೊಂದು ವಿಮಾನಗಳಿವೆ. ಅವರ ಜಾಲತಾಣದಲ್ಲಿ ‘ಪ್ಲಾನ್ ಬಿ’ ಎಂಬ ಪುಟವಿದೆ. ರದ್ದಾದ ಅಥವಾ ಸಮಯ ಬದಲಾದ ಟಿಕೆಟ್ಟಿನ ಪಿಎನ್‌ಆರ್ ಹಾಕಿದರೆ ಬೇರೆ ವಿಮಾನ ಆರಿಸಿಕೊಳ್ಳಬಹುದು, ಇಲ್ಲವೇ ಹಣ ವಾಪಸ್ ಕೇಳಬಹುದು. ಕೌಂಟರ್ ಮುಂದಿನ ಸಾಲಿನಲ್ಲಿ ನಿಂತಿದ್ದರೂ ಮೊಬೈಲಿನಲ್ಲಿ ಇದನ್ನು ಮಾಡುತ್ತಿರಿ. ಸಾಲು ಕರಗುವುದರೊಳಗೆ ಮುಂದಿನ ವಿಮಾನದ ಸೀಟುಗಳು ಖಾಲಿಯಾಗಿರುತ್ತವೆ.

ಆದರೆ ಇಡೀ ಕಂಪನಿಯೇ ಎಡವಿದರೆ ಈ ಬಲವೂ ಉಪಯೋಗಕ್ಕೆ ಬರುವುದಿಲ್ಲ. 2025ರ ಡಿಸೆಂಬರ್ ಮೊದಲ ವಾರ ಆದದ್ದು ಅದೇ. ಪೈಲಟ್‌ಗಳ ದುಡಿಮೆ ಮತ್ತು ವಿಶ್ರಾಂತಿಯ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂತು. ಒಬ್ಬ ಪೈಲಟ್ ರಾತ್ರಿ ಪಾಳಿಯಲ್ಲಿ ಎಷ್ಟು ಬಾರಿ ವಿಮಾನ ಇಳಿಸಬಹುದು ಎಂಬ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ವಿಶ್ರಾಂತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂಡಿಗೋ ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಅವರ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಉಳಿದ ಕಂಪನಿಗಳ ದರ ಮುಗಿಲು ಮುಟ್ಟಿ, 500 ಕಿ.ಮೀ. ಒಳಗಿನ ಮಾರ್ಗಕ್ಕೆ 7,500 ರೂಪಾಯಿ, 1,000ದಿಂದ 1,500 ಕಿ.ಮೀ.ಗೆ 15,000 ರೂಪಾಯಿ ಎಂದು ಸರ್ಕಾರವೇ ಮಿತಿ ಹಾಕಬೇಕಾಯಿತು. ಮದುವೆ, ಪರೀಕ್ಷೆ, ವೀಸಾ ಸಂದರ್ಶನದಂಥ ತಪ್ಪಿಸಲಾಗದ ಕೆಲಸಕ್ಕೆ ಹಿಂದಿನ ದಿನವೇ ತಲುಪುವಂತೆ ಹೊರಡಿ. ಹುಬ್ಬಳ್ಳಿ-ಧಾರವಾಡದ ಕಡೆಗಾದರೆ ರೈಲಿನ ಟಿಕೆಟ್ಟೂ ಒಂದು ಇರಲಿ. 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ.

ಏರ್ ಇಂಡಿಯಾದಲ್ಲಿ ದೇಶದೊಳಗಿನ ಪ್ರಯಾಣಕ್ಕೂ ಊಟ ಟಿಕೆಟ್ಟಿನಲ್ಲೇ ಸೇರಿರುತ್ತದೆ. 2024ರ ನವೆಂಬರ್ 12ರಂದು ವಿಸ್ತಾರ ಇದರಲ್ಲಿ ವಿಲೀನವಾದ ಮೇಲೆ ವಿಸ್ತಾರದಿಂದ ಬಂದ ವಿಮಾನ ಸಿಕ್ಕಿದರೆ ಸೀಟು ಚೆನ್ನಾಗಿರುತ್ತದೆ. ವಿದೇಶ ಮಾರ್ಗಗಳಲ್ಲಿ ಎ350 ಮತ್ತು 787-9 ಮಾದರಿಯ ವಿಮಾನಗಳು ಒಳ್ಳೆಯವು. ಹಳೆಯ 787-8 ಮತ್ತು 777ಗಳಲ್ಲಿ ಸೀಟು ಬಾಗದಿರುವುದು, ಪರದೆ ಕೆಲಸ ಮಾಡದಿರುವುದು ಬಹುಕಾಲದ ದೂರು; ಇವುಗಳ ಒಳಾಂಗಣ ಬದಲಿಸುವ ಕೆಲಸ ಹಂತಹಂತವಾಗಿ ನಡೆದಿದೆ. ಟಿಕೆಟ್ ಕೊಳ್ಳುವ ಪುಟದಲ್ಲಿ ವಿಮಾನದ ಮಾದರಿ ಬರೆದಿರುತ್ತದೆ. ಹದಿನಾಲ್ಕು ಗಂಟೆ ಕೂರಬೇಕಾದವರು ಅದನ್ನು ಓದದೆ ದುಡ್ಡು ಕಟ್ಟಬಾರದು. ಇನ್ನೊಂದು ವಿಷಯ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ಕಂಪನಿಗಳಿಗೆ ಮುಚ್ಚಿದ್ದರಿಂದ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವ ಏರ್ ಇಂಡಿಯಾ ವಿಮಾನಗಳ ದಾರಿ ಉದ್ದವಾಯಿತು. ಬೆಂಗಳೂರಿನಿಂದ ಹೋಗುವ ವಿದೇಶಿ ಕಂಪನಿಗಳಿಗೆ ಈ ನಿಷೇಧ ಅನ್ವಯಿಸಲಿಲ್ಲ.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಎಚ್ಚರವಿರಬೇಕಾದ್ದು ‘ಲೈಟ್’ ದರದ ಬಗ್ಗೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಅಗ್ಗವಾಗಿ ಕಾಣುವುದು ಇದೇ. ಇದರಲ್ಲಿ ಕೈಚೀಲ ಮಾತ್ರ. ಕೌಂಟರಿನಲ್ಲಿ ಕೊಡುವ ಲಗೇಜಿಗೆ ಜಾಗವಿಲ್ಲ. ದೇಶದೊಳಗಿನ ಮಾಮೂಲಿ ದರದಲ್ಲಿ 15 ಕೆ.ಜಿ. ಲಗೇಜು, 7 ಕೆ.ಜಿ. ಕೈಚೀಲ. ಲೈಟ್ ಟಿಕೆಟ್ ಕೊಂಡು ನಿಲ್ದಾಣದಲ್ಲಿ ಲಗೇಜಿಗೆ ದುಡ್ಡು ಕಟ್ಟಿದರೆ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಇಂಡಿಗೋದ 15 ಕೆ.ಜಿ.ಯೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕು. ಎಂಟು ಕೆ.ಜಿ.ಯ ಪೆಟ್ಟಿಗೆ ಒಂದು, ಆರು ಕೆ.ಜಿ.ಯ ಮಾವಿನಹಣ್ಣಿನ ಡಬ್ಬ ಒಂದು ಎಂದು ಎರಡು ತಂದರೆ ತೂಕ ಒಳಗಿದ್ದರೂ ಎರಡನೆಯದಕ್ಕೆ ಶುಲ್ಕ ಬೀಳುತ್ತದೆ.

ಆಕಾಸದ 737 ಮ್ಯಾಕ್ಸ್‌ಗಳು ಹೊಸವು, ಸೀಟಿನಲ್ಲೇ ಯುಎಸ್‌ಬಿ ಚಾರ್ಜಿಂಗ್ ಇದೆ. ಸಣ್ಣ ನಾಯಿ, ಬೆಕ್ಕನ್ನು ಕ್ಯಾಬಿನ್‌ನಲ್ಲೇ ಜೊತೆಗೆ ಒಯ್ಯಬಹುದು, ಇಂಡಿಗೋದಲ್ಲಿ ಆಗುವುದಿಲ್ಲ. ಕೊರತೆ ಎಂದರೆ ಮೊದಲೇ ಹೇಳಿದ್ದು: ಒಂದೇ ಊರಿಗೆ ದಿನಕ್ಕೆ ಇರುವ ವಿಮಾನಗಳು ಕಡಿಮೆ.

ಕರ್ನಾಟಕದೊಳಗಿನ ಮಾರ್ಗಗಳ ಲೆಕ್ಕವೇ ಬೇರೆ. ಇಂಡಿಗೋ ಇಲ್ಲಿ ಹಾರಿಸುವುದು ಹೆಚ್ಚಾಗಿ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ. ರೆಕ್ಕೆ ಮೇಲಿರುವುದರಿಂದ ಎಲ್ಲ ಕಿಟಕಿಯಿಂದಲೂ ನೆಲ ಕಾಣುತ್ತದೆ, ಮಲೆನಾಡಿನ ಮೇಲೆ ಹಾರುವಾಗ ಇದಕ್ಕಿಂತ ಒಳ್ಳೆಯ ಸೀಟು ಬೇರೆ ವಿಮಾನದಲ್ಲಿಲ್ಲ. ಪ್ರೊಪೆಲ್ಲರ್ ನೇರಕ್ಕಿರುವ ಮುಂದಿನ ಸಾಲುಗಳಲ್ಲಿ ಸದ್ದು, ಅದುರು ಹೆಚ್ಚು. ಹತ್ತುವುದು ಇಳಿಯುವುದು ಹಿಂಬಾಗಿಲಿನಿಂದ. ಆದ್ದರಿಂದ ಹಿಂದಿನ ಸೀಟು ಎರಡು ರೀತಿಯಲ್ಲೂ ಲಾಭ. ತಲೆಯ ಮೇಲಿನ ಗೂಡು ಚಿಕ್ಕದು, ಚಕ್ರದ ಟ್ರಾಲಿ ಹಿಡಿಸುವುದಿಲ್ಲ. ಏಣಿಯ ಬುಡದಲ್ಲೇ ಅದನ್ನು ಇಸಿದುಕೊಂಡು ಲಗೇಜಿಗೆ ಹಾಕುತ್ತಾರೆ. ಕೊಡುವ ಮುಂಚೆ ಪವರ್ ಬ್ಯಾಂಕ್, ಔಷಧಿ, ಲ್ಯಾಪ್‌ಟಾಪ್ ತೆಗೆದಿಟ್ಟುಕೊಳ್ಳಿ. ಪವರ್ ಬ್ಯಾಂಕ್ ಲಗೇಜಿನಲ್ಲಿ ಹೋಗುವಂತಿಲ್ಲ.

ಸ್ಟಾರ್ ಏರ್‌ನ ಎಂಬ್ರೇಯರ್ 145ರಲ್ಲಿ 50 ಸೀಟು. ಒಂದು ಪಕ್ಕ ಒಂಟಿ ಸೀಟು, ಇನ್ನೊಂದು ಪಕ್ಕ ಜೋಡಿ. 175ರಲ್ಲಿ ಎರಡು-ಎರಡು, ನಡುವಿನ ಸೀಟಿನ ಕಾಟ ಎರಡರಲ್ಲೂ ಇಲ್ಲ. ಆದರೆ ಇಂಥ ಮಾರ್ಗಗಳಲ್ಲಿ ದಿನಕ್ಕೆ ಒಂದು, ಕೆಲವಕ್ಕೆ ವಾರಕ್ಕೆ ಮೂರ್ನಾಲ್ಕು ಮಾತ್ರ. ರದ್ದಾದರೆ ರಸ್ತೆಯೇ ಗತಿ. ಸಣ್ಣ ಊರುಗಳ ಮಾರ್ಗಕ್ಕೆ ಸರ್ಕಾರ ಕೊಡುವ ಉಡಾನ್ ಸಹಾಯಧನ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಮಾರ್ಗವೇ ನಿಲ್ಲುವುದೂ ಉಂಟು. ಈ ಟಿಕೆಟ್ಟುಗಳನ್ನು ತಿಂಗಳುಗಟ್ಟಲೆ ಮುಂಚೆ ಕೊಳ್ಳುವುದು ಬೇಡ.

ಲೇಟಾಗುವುದಕ್ಕೆ ದೊಡ್ಡ ಕಾರಣ ಹಿಂದಿನ ಹಾರಾಟ. ಒಂದೇ ವಿಮಾನ ದಿನಕ್ಕೆ ಐದಾರು ಊರು ಸುತ್ತುತ್ತದೆ, ಬೆಳಿಗ್ಗೆ ಅರ್ಧ ಗಂಟೆ ತಡವಾದದ್ದು ಸಂಜೆಗೆ ಎರಡು ಗಂಟೆಯಾಗುತ್ತದೆ. ಹಾಗಾಗಿ ಬೆಳಗಿನ ಮೊದಲ ವಿಮಾನ ಒಳ್ಳೆಯದು. ಇದಕ್ಕೆ ಅಪವಾದ ಡಿಸೆಂಬರ್, ಜನವರಿ: ದೆಹಲಿಯ ಮಂಜಿನಲ್ಲಿ ಮುಂಜಾನೆಯ ವಿಮಾನವೇ ಮೊದಲು ಸಿಕ್ಕಿಹಾಕಿಕೊಳ್ಳುತ್ತದೆ. ಆ ಎರಡು ತಿಂಗಳು ದೆಹಲಿಗೆ ಮಧ್ಯಾಹ್ನ ಇಳಿಯುವಂತೆ ನೋಡಿಕೊಳ್ಳಿ. ಮನೆಯಿಂದ ಹೊರಡುವ ಮುಂಚೆ, ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಅದಕ್ಕೆ ಗೊತ್ತುಮಾಡಿರುವ ‘ವಿಟಿ’ಯಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಒತ್ತಿ. ಆ ವಿಮಾನ ಇನ್ನೂ ಗುವಾಹಟಿಯಲ್ಲಿದ್ದರೆ, ಬೋರ್ಡಿನಲ್ಲಿ ‘ಸಮಯಕ್ಕೆ ಸರಿಯಾಗಿ’ ಎಂದಿದ್ದರೂ ನಂಬುವುದು ಬೇಡ. ಹಾಗೆಂದು ಮನೆಯಿಂದ ತಡವಾಗಿ ಹೊರಡಬೇಡಿ. ಕಂಪನಿ ಬೇರೆ ವಿಮಾನ ಹಾಕಿದರೆ ಲೇಟು ಮಾಯವಾಗುತ್ತದೆ, ಕೌಂಟರ್ ಮಾತ್ರ 60 ನಿಮಿಷ ಮೊದಲೇ ಮುಚ್ಚಿರುತ್ತದೆ.

ಟರ್ಮಿನಲ್ ಗೊಂದಲವೂ ಸಣ್ಣದಲ್ಲ. ಬೆಂಗಳೂರಿನಲ್ಲಿ ಇಂಡಿಗೋ, ಆಕಾಸಗಳ ದೇಶೀಯ ವಿಮಾನಗಳು ಒಂದನೇ ಟರ್ಮಿನಲ್‌ನಿಂದ. ಏರ್ ಇಂಡಿಯಾ, ಎಕ್ಸ್‌ಪ್ರೆಸ್, ಸ್ಟಾರ್ ಏರ್ ಎರಡನೆಯದರಿಂದ. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ಹಾರಾಟಗಳೆಲ್ಲ ಎರಡನೆಯದರಿಂದಲೇ. ಹುಬ್ಬಳ್ಳಿಯಿಂದ ಇಂಡಿಗೋದಲ್ಲಿ ಬಂದು ಬೇರೆ ಟಿಕೆಟ್ಟಿನಲ್ಲಿ ದುಬೈಗೆ ಹೋಗುವವರು ಲಗೇಜು ತೆಗೆದುಕೊಂಡು, ಹೊರಗೆ ಬಂದು, ಟರ್ಮಿನಲ್ ಬದಲಿಸಿ, ಮತ್ತೆ ಲಗೇಜು ಕೊಡಬೇಕು. ನಡುವೆ ಐದು ಗಂಟೆಯಾದರೂ ಇರಲಿ. ಎರಡು ಬೇರೆ ಪಿಎನ್‌ಆರ್ ಇದ್ದರೆ ಮೊದಲನೆಯದು ಲೇಟಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ.

ಇನ್ನು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹೊರಡಲು 24 ಗಂಟೆಯೊಳಗೆ ರದ್ದಿನ ಸುದ್ದಿ ಕೊಟ್ಟರೆ, ಹಣ ವಾಪಸ್ಸಿನ ಜೊತೆಗೆ ಪರಿಹಾರ ಇದೆ: ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ. ಇವೆರಡರಲ್ಲಿ ಕಡಿಮೆ ಇರುವುದು. ಹವಾಮಾನ, ವಾಯುಸಂಚಾರ ನಿಯಂತ್ರಣ, ಭದ್ರತೆ ಕಾರಣವಾದರೆ ಇಲ್ಲ. ಅದಕ್ಕೇ ರದ್ದಿನ ಕಾರಣವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಹೇಳುವಾಗ ಎಲ್ಲವೂ ಹವಾಮಾನವೇ ಆಗಿರುತ್ತದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಲೇಟಾದರೆ ತಿಂಡಿ-ಊಟ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದದ್ದು ಆರು ಗಂಟೆ ಮೀರಿ ಲೇಟಾದರೆ ಹೋಟೆಲ್ ಕೋಣೆಯನ್ನೂ ಕೊಡಬೇಕು.

ನೀವೇ ರದ್ದು ಮಾಡಿದಾಗಲೂ, ವಿಮಾನ ತಪ್ಪಿಸಿಕೊಂಡಾಗಲೂ, ‘ನಾನ್-ರಿಫಂಡಬಲ್’ ಎಂದು ಬರೆದಿದ್ದರೂ, ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಬರಲೇಬೇಕು. ಕೇಳದವರೇ ಹೆಚ್ಚು. ಹಣದ ಬದಲು ಕ್ರೆಡಿಟ್ ಶೆಲ್ (ಅದೇ ಕಂಪನಿಯ ಮುಂದಿನ ಟಿಕೆಟ್ಟಿಗೆ ಬಳಸುವ ಜಮಾ) ತೆಗೆದುಕೊಳ್ಳಬೇಕೆಂಬ ಕಟ್ಟಳೆಯಿಲ್ಲ, ಅದು ಪ್ರಯಾಣಿಕರ ಇಷ್ಟ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಾಗ ಮುಂಗಡ ಟಿಕೆಟ್ ಕೊಂಡವರ ದುಡ್ಡು ದಿವಾಳಿ ಪ್ರಕ್ರಿಯೆಯಲ್ಲಿ ಸಿಕ್ಕಿಬಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ (ಕಟ್ಟಿದ ಹಣ ಕಾರ್ಡಿಗೆ ವಾಪಸ್) ಕೇಳುವ ದಾರಿಯಾದರೂ ಇರುತ್ತದೆ. ಏಜೆಂಟರ ಕೈಲಿ ಟಿಕೆಟ್ ಮಾಡಿಸಿದರೆ ನಿಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಹಾಕಿಸಿ. ರದ್ದಿನ ಮೆಸೇಜು ಏಜೆಂಟರಿಗೆ ಹೋಗಿ ನೀವು ನಿಲ್ದಾಣಕ್ಕೆ ಹೋದಿರಿ ಎಂದಾದರೆ ಪರಿಹಾರವೂ ತಪ್ಪುತ್ತದೆ, ಏಕೆಂದರೆ ಸರಿಯಾದ ಸಂಪರ್ಕ ಕೊಡದವರಿಗೆ ಅದು ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಒಂಟಿಯಾಗಿ ಹೊರಡುವ ಹಿರಿಯರಿಗೆ ಕಂಪನಿ ಆರಿಸುವಾಗ ದರಕ್ಕಿಂತ ವಿಮಾನ ಬದಲಿಸುವ ಜಾಗ ಮುಖ್ಯ. ಎತಿಹಾದ್‌ನಲ್ಲಿ ಹೋದರೆ ಅಮೆರಿಕದ ವಲಸೆ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದ ಮೇಲೆ ಸಾಲು ನಿಲ್ಲುವ ಪಾಡಿಲ್ಲ. ಬೇರೆ ದಾರಿಯಲ್ಲಿ ಹೋಗಿ ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯುವವರು ಸಾಮಾನ್ಯವಾಗಿ ಮೊದಲು ಇಳಿದ ಊರಲ್ಲೇ ಲಗೇಜು ತೆಗೆದುಕೊಂಡು ಮತ್ತೆ ಕೊಡಬೇಕು. ಒಬ್ಬರೇ ಹೋಗುವ ತಾಯಿಗೆ ಎರಡು 23 ಕೆ.ಜಿ. ಪೆಟ್ಟಿಗೆ ಎಳೆಯುವುದು ಸುಲಭವಲ್ಲ.

ಗಾಲಿಕುರ್ಚಿಗೆ ದುಡ್ಡಿಲ್ಲ. 48 ಗಂಟೆ ಮೊದಲೇ ಹೇಳಿ, ಸರಿಯಾದ ಕೋಡ್ ಹಾಕಿಸಿ: ದೂರ ನಡೆಯಲಾಗದಿದ್ದರೂ ಮೆಟ್ಟಿಲು ಹತ್ತುವವರಿಗೆ ‘ಡಬ್ಲ್ಯುಸಿಹೆಚ್‌ಆರ್’, ಮೆಟ್ಟಿಲು ಹತ್ತಲಾಗದವರಿಗೆ ‘ಡಬ್ಲ್ಯುಸಿಹೆಚ್‌ಎಸ್’, ಸೀಟಿನವರೆಗೂ ಕರೆದೊಯ್ಯಬೇಕಾದವರಿಗೆ ‘ಡಬ್ಲ್ಯುಸಿಹೆಚ್‌ಸಿ’. ಕೋಡ್ ತಪ್ಪಿದರೆ ಏಣಿಯ ಬುಡಕ್ಕೆ ತಂದು ನಿಲ್ಲಿಸಿಬಿಡುತ್ತಾರೆ. ಇದು ಸಣ್ಣ ವಿಷಯವಲ್ಲ. 2024ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ಗಾಲಿಕುರ್ಚಿ ಸಿಗದೆ ನಡೆದುಹೋದ 80 ವರ್ಷದ ಪ್ರಯಾಣಿಕರೊಬ್ಬರು ಕುಸಿದು ತೀರಿಕೊಂಡರು. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ಜೊತೆಗೆ ಬಂದವರಿದ್ದರೂ ಕುರ್ಚಿ ಬರುವತನಕ ಹಿರಿಯರನ್ನು ಕೂರಿಸಿಯೇ ಇರಿಸಿ, ತಡವಾದರೆ ತಡವಾಗಲಿ.

ಲಗೇಜು ಬರದಿದ್ದರೆ, ಒಡೆದಿದ್ದರೆ, ಬೆಲ್ಟಿನ ಪಕ್ಕದ ಕೌಂಟರಿನಲ್ಲಿ ಪಿಐಆರ್ (ಲಗೇಜಿನ ದೂರು ಪತ್ರ) ಬರೆಸದೆ ಹೊರಗೆ ಕಾಲಿಡಬೇಡಿ. ವಿದೇಶ ಪ್ರಯಾಣದಲ್ಲಿ ಹಾನಿಗೆ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಹೋಗಬೇಕು. ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಿರಿ, ಉತ್ತರ ಸರಿಯಿಲ್ಲದಿದ್ದರೆ ವಿಮಾನಯಾನ ಸಚಿವಾಲಯದ ದೂರು ತಾಣವಾದ ಏರ್‌ಸೇವಾದಲ್ಲಿ ಪಿಎನ್‌ಆರ್, ಬೋರ್ಡಿಂಗ್ ಪಾಸು, ಪಿಐಆರ್ ಮತ್ತು ಖರ್ಚಿನ ರಸೀದಿಗಳೊಂದಿಗೆ ದಾಖಲಿಸಿ. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗ.